ತಟ್ಟೆಗಳು ತಾಳ ಹಾಕಿದ ರಾತ್ರಿ

ಚೆನ್ನೈನ ಪೂರ್ವ ತಾಂಬರಂನ ನೆಂಟರ ಮನೆಯಲ್ಲಿ ಒಂದು ರಾತ್ರಿ ಊಟಕ್ಕೆ ಕೂತಿದ್ದೆವು. ದೂರದಲ್ಲೆಲ್ಲೋ ಬಯಲು ಕಾರ್ಯಕ್ರಮ. ಹಾಡು ಯಾವುದು, ಹಾಡುವವರು ಗಂಡೋ ಹೆಣ್ಣೋ, ಒಂದೂ ತಿಳಿಯುತ್ತಿರಲಿಲ್ಲ. ಅಡುಗೆಮನೆಯ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ತಟ್ಟೆಗಳು ಮಾತ್ರ ಒಂದಕ್ಕೊಂದು ತಾಗಿ ಚಿರ್ ಚಿರ್ ಅನ್ನುತ್ತಿದ್ದವು. "ರೈಲು ಹೋದ್ರೂ ಇಷ್ಟು ಅದುರಲ್ಲಪ್ಪ" ಎಂದರು ಅತ್ತೆ. ಬೀಚ್–ತಾಂಬರಂ ನಡುವೆ ವಿದ್ಯುತ್ ರೈಲು ಓಡಲು ಶುರುವಾದದ್ದು 1931ರಲ್ಲಿ. ಊರಿಗೆ ಆ ಸದ್ದು ಒಗ್ಗಿಹೋಗಿದೆ. ತಗ್ಗಿನ ಸ್ವರದ ಸ್ಪೀಕರ್, ಸಬ್‌ವೂಫರ್, ಇನ್ನೂ ಒಗ್ಗಿಲ್ಲ.

ಹಳೆಯ ಮೈಕ್ ಸೆಟ್ಟಿಗೆ ಹೀಗೆ ಅದುರಿಸುವ ಗುಣ ಇರಲಿಲ್ಲ. ಮರಕ್ಕೆ ಕಟ್ಟಿದ ತಗಡಿನ ಹಾರ್ನು ಭಾಷಣವನ್ನು ಪಕ್ಕದೂರಿಗೂ ಮುಟ್ಟಿಸುತ್ತಿತ್ತು, ಡೊಳ್ಳನ್ನು ಡಬ್ಬ ಮಾಡುತ್ತಿತ್ತು. ತಗ್ಗಿನ ಸ್ವರಕ್ಕೆ, ಅಂದರೆ ಬೇಸ್‌ಗೆ, ರಾಶಿ ಗಾಳಿ ತಳ್ಳಬೇಕು. ದೊಡ್ಡ ಕೋನ್, ದೊಡ್ಡ ಪೆಟ್ಟಿಗೆ ಬೇಕು. ಆ ಸ್ವರಕ್ಕೆ ಕೈಬಿಚ್ಚಿ ದುಡ್ಡು ಸುರಿದದ್ದು ಸಿನಿಮಾದವರು. 1974ರಲ್ಲಿ 'ಅರ್ಥ್‌ಕ್ವೇಕ್' ಚಿತ್ರಕ್ಕಾಗಿ ಯೂನಿವರ್ಸಲ್ ಸಂಸ್ಥೆ 'ಸೆನ್ಸರೌಂಡ್' ಎಂಬ ಬೇಸ್ ವ್ಯವಸ್ಥೆ ತಂದಿತು, ಸ್ಪೀಕರ್‌ಗಳು ಸರ್ವಿನ್-ವೇಗಾ ಕಂಪನಿಯವು. ಹಾಲಿವುಡ್ಡಿನ ಚೈನೀಸ್ ಥಿಯೇಟರಿನಲ್ಲಿ ಸೂರಿನ ಗಾರೆ ಪ್ರೇಕ್ಷಕರ ಮೇಲೆ ಉದುರೀತೆಂದು ಬಲೆ ಕಟ್ಟಿದ್ದರು. 1977ರ 'ಸ್ಟಾರ್ ವಾರ್ಸ್'ನ 70 ಎಂ.ಎಂ. ಪ್ರತಿಗಳಲ್ಲಿ ಡಾಲ್ಬಿ ಕಂಪನಿ ಬೇಸ್‌ಗೆಂದೇ ಬೇರೆ ಟ್ರ್ಯಾಕ್ ಇಟ್ಟಿತ್ತು. ಡಾಲ್ಬಿ ಅಂದಾಗ ನೆನಪಾಯಿತು: ಬೆಳಗಾವಿ ಕಡೆ ಮೆರವಣಿಗೆಯ ಡಿಜೆಗೆ 'ಡಾಲ್ಬಿ' ಎಂದೇ ಹೆಸರು. ರೇ ಡಾಲ್ಬಿ 1965ರಲ್ಲಿ ಕಂಪನಿ ಕಟ್ಟಿದ್ದು ಧ್ವನಿಮುದ್ರಣದ ಗದ್ದಲ ಕಡಿಮೆ ಮಾಡಲು!

ಡಾನ್ಸ್ ಹಾಲು, ಸಂಗೀತ ಕಛೇರಿ ದಾಟಿ ಸಬ್ ನಮ್ಮ ಬಯಲಿಗೂ ಬಂತು. ವೇದಿಕೆಯ ಎಡಕ್ಕೊಂದು, ಬಲಕ್ಕೊಂದು ರಾಶಿ ಪೇರಿಸುವುದು ಇಂದಿಗೂ ರೂಢಿ. ನೋಡಲು ಚಂದ, ಕೇಳಲು ತೊಂದರೆ. 50 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು 6.9 ಮೀಟರ್. ಒಂದು ರಾಶಿಗಿಂತ ಇನ್ನೊಂದು ನಿಮ್ಮಿಂದ ಆ ಉದ್ದದ ಅರ್ಧದಷ್ಟು ಹೆಚ್ಚು ದೂರವಿದ್ದರೆ ಎರಡೂ ಒಂದನ್ನೊಂದು ನುಂಗುತ್ತವೆ. ನಟ್ಟನಡುವೆ ನಿಂತವನಿಗೆ ಎದೆಗೆ ಗುದ್ದು, ನಾಲ್ಕು ಹೆಜ್ಜೆ ಆಚೆ ನಿಂತವನಿಗೆ ಸಪ್ಪೆ. ವೇದಿಕೆಯ ಮುಂದೆ ಒಂದೇ ಸಾಲಾಗಿ, ಹತ್ತಿರ ಹತ್ತಿರ ಇಟ್ಟರೆ ಈ ಕಾಟ ಬಹಳಷ್ಟು ತಪ್ಪುತ್ತದೆ.

ಇನ್ನೂ ಜಾಣ ಉಪಾಯವೊಂದಿದೆ. ಒಂದು ಸಬ್ಬಿನ ಹಿಂದೆ 1.7 ಮೀಟರ್ ಬಿಟ್ಟು ಇನ್ನೊಂದನ್ನಿಡಿ. ಹಿಂದಿನದರ ಪೊಲಾರಿಟಿ (ಪ್ಲಸ್–ಮೈನಸ್) ತಿರುಗಿಸಿ, 5 ಮಿಲಿಸೆಕೆಂಡ್ ತಡವಾಗಿ ನುಡಿಸಿ. ಮುಂದಿನದರ ಸದ್ದು ಹಿಂದಿನದನ್ನು ಮುಟ್ಟುವ ಹೊತ್ತಿಗೆ ಅದು ಸರಿಯಾಗಿ ಎದುರು ನುಡಿಯುತ್ತದೆ. ವೇದಿಕೆಯ ಹಿಂದೆ ಬೇಸ್ ಇಳಿಯುತ್ತದೆ. ಜನರ ಕಡೆಗೆ ಹೋಗುವಾಗ 50 ಹರ್ಟ್ಸ್‌ನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಖರ್ಚು ಒಂದು ಹೆಚ್ಚಿನ ಪೆಟ್ಟಿಗೆ, ಒಂದು ಅಳತೆ ಟೇಪು. ಈ ಟೇಪು ಹಿಡಿಯುವವರೇ ಕಮ್ಮಿ, ಅದು ನನ್ನ ದೂರು.

ಕಾನೂನಿನ ಮೀಟರನ್ನು ನೆಚ್ಚಿ ಕೂರುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಅಳತೆ 'ಎ' ಮಾನದಲ್ಲಿ. ಆ ಮಾನ 50 ಹರ್ಟ್ಸ್‌ನ ಸದ್ದಿನಿಂದ 30 ಡೆಸಿಬಲ್ ಕಳೆದು ಓದುತ್ತದೆ. ತಟ್ಟೆ ಅದುರಿದರೂ ಮೀಟರ್ ಸುಮ್ಮನಿರಬಹುದು.

ನಿಮ್ಮೂರ ಉತ್ಸವಕ್ಕೆ ಸೌಂಡ್‌ನವರಿಗೆ ಅಡ್ವಾನ್ಸ್ ಕೊಡುವಾಗ, ಸಬ್‌ಗಳ ಬೆನ್ನು ಯಾರ ಮನೆ ಕಡೆಗೆ ಬರುತ್ತದೆ ಎಂದು ಒಮ್ಮೆ ಕೇಳಿ.