ಜಲ್ಲಿ ಒಂದೇ ದಪ್ಪದ್ದಾದರೆ ಕಾಂಕ್ರೀಟು ನಿಲ್ಲದು



ದನಗಳಿಗೆ ನೀರು ಕುಡಿಸಲೆಂದು ಹಳ್ಳಿಯೊಂದರಲ್ಲಿ ಕಟ್ಟಿದ ಕಾಂಕ್ರೀಟು ತೊಟ್ಟಿ ನೀರು ತುಂಬಿದ ದಿನವೇ ಸೋರಿತು. ಸಿಮೆಂಟಿಗೆ ಯಾರೂ ಕೈ ಹಿಡಿದಿರಲಿಲ್ಲ. ಒಂದು ಚೀಲ ಹೆಚ್ಚೇ ಬಿದ್ದಿತ್ತು. ಹಲಗೆ ಬಿಚ್ಚಿದಾಗಲೇ ಗೋಡೆಯಲ್ಲಿ ಜೇನುಹುಟ್ಟಿನಂತೆ ತೂತುಗಳಿದ್ದವು, ಗಾರೆ ಬಳಿದು ಮುಚ್ಚಿದ್ದರು. ನಾನು ಹೋಗಿ ಉಳಿದಿದ್ದ ಜಲ್ಲಿಯ ರಾಶಿ ನೋಡಿದೆ. ಎಲ್ಲವೂ ಒಂದೇ ದಪ್ಪದ ಕಲ್ಲು!

ಕುಕ್ಕೆಯ ತುಂಬ ತೆಂಗಿನಕಾಯಿ ಹಾಕಿರಿ. ತುಂಬಿತೆಂದ ಮೇಲೂ ಸಂದಿಯಲ್ಲಿ ಅಡಿಕೆ ಹಿಡಿಯುತ್ತದೆ, ಅಡಿಕೆಯ ಸಂದಿಯಲ್ಲಿ ರಾಗಿ ಹಿಡಿಯುತ್ತದೆ. ಕಾಂಕ್ರೀಟೂ ಹಾಗೆಯೇ. ದಪ್ಪ ಜಲ್ಲಿಯ ಸಂದಿಗೆ ಸಣ್ಣ ಜಲ್ಲಿ, ಅದರ ಸಂದಿಗೆ ಮರಳು ಕೂರಬೇಕು. ಉಳಿದ ಕಿರುಸಂದಿಯನ್ನು ಸಿಮೆಂಟಿನ ಪಾಕ ತುಂಬಿ ಎಲ್ಲವನ್ನೂ ಹಿಡಿದಿಡುತ್ತದೆ. ಸಿಮೆಂಟು ಅಂಟೇ ಹೊರತು ಗುಂಡಿ ಮುಚ್ಚುವ ಮಣ್ಣಲ್ಲ.

ಸಂಶಯವಿದ್ದವರು ಮನೆಯಲ್ಲೇ ನೋಡಬಹುದು. 10 ಲೀಟರಿನ ಬಕೀಟಿಗೆ 20 ಮಿ.ಮೀ. ಜಲ್ಲಿಯನ್ನು ಅಂಚಿನವರೆಗೆ ತುಂಬಿ, ನೀರನ್ನು ಅಳೆದು ಹೊಯ್ಯಿರಿ. 4 ಲೀಟರಿನಷ್ಟು ಹಿಡಿಯುತ್ತದೆ. ಅಷ್ಟೂ ಬರಿಯ ಸಂದಿ. ಆಮೇಲೆ 3 ಪಾಲು 20 ಮಿ.ಮೀ. ಜಲ್ಲಿಗೆ 2 ಪಾಲು 10 ಅಥವಾ 12 ಮಿ.ಮೀ. ಜಲ್ಲಿ ಕಲಸಿ ಮತ್ತೆ ಅಳೆಯಿರಿ. ನೀರು ಕಡಿಮೆ ಹಿಡಿಯುವುದನ್ನು ಕಣ್ಣಾರೆ ಕಾಣುವಿರಿ.

ಮರಳು ನುಣ್ಣಗಿದ್ದಷ್ಟೂ ಒಳ್ಳೆಯದೆಂದು ಹಲವರು ನಂಬಿದ್ದಾರೆ. ಗೋಡೆಯ ಗಿಲಾವಿಗೆ ಅದು ಸರಿ, ಕಾಂಕ್ರೀಟಿಗಲ್ಲ. ಕಾಳು ಸಣ್ಣದಾದಷ್ಟೂ ಒದ್ದೆಯಾಗಬೇಕಾದ ಮೈ ಹೆಚ್ಚು, ಆದ್ದರಿಂದ ನೀರೂ ಹೆಚ್ಚು ಬೇಕಾಗುತ್ತದೆ. ಹೆಚ್ಚಾದ ನೀರು ಆರಿದ ಜಾಗದಲ್ಲಿ ಸೂಕ್ಷ್ಮ ತೂತುಗಳು ಉಳಿದು ಕಾಂಕ್ರೀಟು ಸೊರಗುತ್ತದೆ. ಸಿಮೆಂಟು 1, ಮರಳು ಒಂದೂವರೆ, ಜಲ್ಲಿ 3 ಎಂಬ ಅಳತೆಗೆ 50 ಕಿಲೋ ಚೀಲವೊಂದಕ್ಕೆ ನೀರು 30 ಲೀಟರು ದಾಟಬಾರದು. ಮರಳು ಹಸಿಯಾಗಿದ್ದರೆ ಇನ್ನೂ ಕಡಿಮೆ. ಈಗ ಹೊಳೆಯ ಮರಳಿಗೆ ಬದಲು ಎಂ-ಸ್ಯಾಂಡ್ ಬರುತ್ತಿದೆ. ಅದು ಕಾಂಕ್ರೀಟಿನದೋ ಗಿಲಾವಿನದೋ ಎಂದು ಕೇಳಿಯೇ ಕೊಳ್ಳಿರಿ. ಕ್ರಷರಿನ ಬರಿಯ ಪುಡಿಯನ್ನು ಆ ಹೆಸರಿನಲ್ಲಿ ಇಳಿಸಲು ಬಂದರೆ ಲಾರಿಯನ್ನು ಹಿಂದಕ್ಕೆ ಕಳಿಸಿ.

ಜಲ್ಲಿಯ ದಪ್ಪವು ಕಾಂಕ್ರೀಟಿನ ದಪ್ಪದ ಕಾಲುಪಾಲನ್ನು ಮೀರಬಾರದು. 4 ಅಂಗುಲದ ಕಣಕ್ಕೆ 20 ಮಿ.ಮೀ. ಆದೀತು, 2 ಅಂಗುಲದ ಮುಚ್ಚಳಕ್ಕೆ 10 ಮಿ.ಮೀ. ಜಲ್ಲಿಯೇ ಬೇಕು.

ಎರಡು ಬಗೆಯ ಜಲ್ಲಿಯನ್ನೂ ಬೇರೆ ಬೇರೆ ರಾಶಿ ಹಾಕಿಸಿ, ಬಾಂಡ್ಲಿಯಲ್ಲಿ ಅಳೆದು ಕಲಸಿರಿ. ಬೆರೆಸಿದ್ದನ್ನೇ ತರಿಸಿ ಎತ್ತರಕ್ಕೆ ಸುರಿಸಿದರೆ ದಪ್ಪ ಕಲ್ಲು ರಾಶಿಯ ಬುಡಕ್ಕೆ ಉರುಳಿ, ಸಣ್ಣದು ನಡುವೆಯೇ ನಿಲ್ಲುತ್ತದೆ. ಕೂಲಿಯವರು ಬುಡದಿಂದಲೇ ತುಂಬಿಕೊಳ್ಳುವುದು ವಾಡಿಕೆಯಾದ್ದರಿಂದ ಅಂಥ ರಾಶಿಯ ಹತ್ತಿರ ಮನೆಯವರೊಬ್ಬರು ನಿಂತಿರಬೇಕಾಗುತ್ತದೆ.