ನೈಜೀರಿಯಾದ ಚುನಾವಣೆಗಳೂ ಸಾಮಾನ್ಯ ಪ್ರಜೆಯೂ

ಆಫ್ರಿಕಾ ಖಂಡದ ದೇಶಗಳಲ್ಲಿ ಜನಸಂಖ್ಯೆಯಿಂದ ಅಗ್ರಸ್ಥಾನದಲ್ಲಿರುವುದು ನೈಜೀರಿಯಾ. ೨೦೨೩ನೆಯ ಇಸವಿಯ ಫೆಬ್ರವರಿ ೨೫ರಂದು ಅಲ್ಲಿ ಅಧ್ಯಕ್ಷ ಪದವಿಗಾಗಿ ಚುನಾವಣೆ ನಡೆಯಿತು. ಮತದಾರರ ಪಟ್ಟಿಯಲ್ಲಿದ್ದ ಹೆಸರುಗಳು ೯,೩೪,೬೯,೦೦೮. ಇವರಲ್ಲಿ ಮತ ಹಾಕಿದವರು ನೂರಕ್ಕೆ ಸುಮಾರು ಇಪ್ಪತ್ತೇಳು ಮಂದಿ. ಗೆದ್ದ ಬೋಲಾ ಟಿನುಬು ಅವರಿಗೆ ದೊರೆತ ಮತಗಳು ೮೭,೯೪,೭೨೬. ಎಂದರೆ, ಪಟ್ಟಿಯಲ್ಲಿದ್ದ ಪ್ರತಿ ನೂರು ಮಂದಿಯಲ್ಲಿ ಹತ್ತು ಮಂದಿಯದೂ ಅಲ್ಲ. ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಮಂದಿ ಈತನೂ ಬೇಕೆನ್ನಲಿಲ್ಲ, ಆತನೂ ಬೇಡವೆನ್ನಲಿಲ್ಲ, ಸುಮ್ಮನಿದ್ದರು.

ಈ ಮೌನ ಒಂದು ದಿನದ ಆಲಸ್ಯದಿಂದ ಹುಟ್ಟಿದುದಲ್ಲ. ಅಧಿಕೃತ ಲೆಕ್ಕದಂತೆ ೨೦೦೩ರಲ್ಲಿ ನೂರಕ್ಕೆ ಅರವತ್ತೊಂಬತ್ತು ಮಂದಿ ಮತ ಹಾಕಿದ್ದರು. ೨೦೧೫ರಲ್ಲಿ ಅದು ನಲವತ್ತನಾಲ್ಕಕ್ಕೂ ೨೦೧೯ರಲ್ಲಿ ಮೂವತ್ತೈದಕ್ಕೂ ಇಳಿಯಿತು. ಹಿಂದಿನ ದೊಡ್ಡ ಅಂಕಿಗಳಲ್ಲಿ ಕಳ್ಳಮತಗಳೂ ಸೇರಿದ್ದುವೆಂಬುದು ನಿಜ. ಆದರೆ ಅದನ್ನು ಕಳೆದರೂ, ಜನರ ನಂಬಿಕೆ ವರ್ಷದಿಂದ ವರ್ಷಕ್ಕೆ ಬತ್ತುತ್ತ ಬಂದಿದೆಯೆಂಬುದರಲ್ಲಿ ಸಂದೇಹವಿಲ್ಲ. ಲಾಗೋಸಿನ ಸಂತೆಯಲ್ಲಿ ಟೊಮೇಟೊ ಮಾರುವವಳನ್ನಾಗಲಿ, ಕಾನೋದ ಬೀದಿಯಲ್ಲಿ ಬಾಡಿಗೆ ವಾಹನ ನಡೆಸುವವನನ್ನಾಗಲಿ ಕೇಳಿದರೆ, "ನಾವು ಮತ ಹಾಕಿದರೇನು, ಬಿಟ್ಟರೇನು? ಗೆಲ್ಲುವವರು ಗೆದ್ದೇ ಇರುತ್ತಾರೆ" ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಈ ಉತ್ತರಕ್ಕೆ ಆಧಾರವೇನು, ಅದು ಎಷ್ಟರಮಟ್ಟಿಗೆ ಸರಿ ಎಂಬುದನ್ನು ವಿಚಾರಿಸಬೇಕು.

ಮೊದಲು, ಈ ಹಕ್ಕು ನೈಜೀರಿಯಾದ ಪ್ರಜೆಗೆ ಹೇಗೆ ಬಂದಿತೆಂಬುದನ್ನು ನೋಡೋಣ. ೧೯೨೨ರಲ್ಲಿ ಗವರ್ನರ್ ಕ್ಲಿಫರ್ಡನ ಸಂವಿಧಾನದಿಂದ ಅಲ್ಲಿ ಮೊದಲ ಬಾರಿಗೆ ಚುನಾಯಿತ ಸ್ಥಾನಗಳು ಏರ್ಪಟ್ಟುವು. ಅವು ಒಟ್ಟು ನಾಲ್ಕು: ಲಾಗೋಸಿಗೆ ಮೂರು, ಕಾಲಬಾರಿಗೆ ಒಂದು. ವರ್ಷಕ್ಕೆ ನೂರು ಪೌಂಡು ವರಮಾನವಿದ್ದ ಗಂಡಸರಿಗೆ ಮಾತ್ರ ಮತಾಧಿಕಾರ. ಉಳಿದವರ ಪಾಲಿಗೆ ಇದ್ದುದು ತೆರಿಗೆಯೊಂದೇ. ೧೯೨೯ರ ಕೊನೆಯಲ್ಲಿ, ಹೆಂಗಸರಿಗೂ ತೆರಿಗೆ ಬೀಳುವುದೆಂಬ ಸುದ್ದಿ ಹಬ್ಬಿದಾಗ, ಆಗ್ನೇಯ ಭಾಗದ ಸಾವಿರಾರು ಸ್ತ್ರೀಯರು ದಂಗೆಯೆದ್ದರು. ಸರ್ಕಾರದ ಪಡೆಗಳ ಗುಂಡಿಗೆ ಐವತ್ತಕ್ಕಿಂತ ಹೆಚ್ಚು ಮಂದಿ ಹೆಂಗಸರು ಬಲಿಯಾದರು. ಮುಂದೆ ಅಬೆಯೊಕುಟದಲ್ಲಿ ಫುನ್ಮಿಲಾಯೊ ರ್‍ಯಾನ್ಸಮ್-ಕುಟಿ ಎಂಬ ಧೀರ ಮಹಿಳೆಯ ನೇತೃತ್ವದಲ್ಲಿ ಸ್ತ್ರೀಯರು ತೆರಿಗೆಯ ವಿರುದ್ಧ ನಿಂತ ಫಲವಾಗಿ, ೧೯೪೯ರಲ್ಲಿ ಅಲ್ಲಿಯ ಅರಸನೇ ಕೆಲಕಾಲ ಸಿಂಹಾಸನವನ್ನು ಬಿಡಬೇಕಾಯಿತು. ಉತ್ತರ ಭಾಗದ ಹೆಂಗಸರು ಮತಪೆಟ್ಟಿಗೆಯ ಮುಂದೆ ಮೊದಲು ನಿಂತುದು ೧೯೭೯ರಲ್ಲಿ, ಸ್ವಾತಂತ್ರ್ಯ ಬಂದು ಹತ್ತೊಂಬತ್ತು ವರ್ಷ ಕಳೆದ ಮೇಲೆ. ಹೀಗೆ ಈ ಹಕ್ಕು ತಡವಾಗಿ ಬಂದಿತು, ಅಗ್ಗವಾಗಿಯಂತೂ ಬರಲಿಲ್ಲ.

ಇಷ್ಟು ಕಷ್ಟದಿಂದ ಬಂದ ಹಕ್ಕು ಬಳಿಕ ಪಟ್ಟ ಅವಸ್ಥೆಯನ್ನು ಮರೆಮಾಚುವುದು ನ್ಯಾಯವಲ್ಲ. ೧೯೬೦ರ ಅಕ್ಟೋಬರ್ ೧ರಂದು ಸ್ವತಂತ್ರವಾದ ದೇಶದಲ್ಲಿ ೧೯೬೪ರ ಚುನಾವಣೆಯೇ ಬಹಿಷ್ಕಾರಕ್ಕೆ ಗುರಿಯಾಯಿತು. ೧೯೬೫ರಲ್ಲಿ ಪಶ್ಚಿಮ ಪ್ರಾಂತದ ಚುನಾವಣೆಯಲ್ಲಿ ನಡೆದ ಅಕ್ರಮಗಳು ಬೀದಿಗಳಲ್ಲಿ ಬೆಂಕಿಯನ್ನೆಬ್ಬಿಸಿದುವು. ೧೯೬೬ರ ಜನವರಿಯಲ್ಲಿ ಸೈನ್ಯ ನುಗ್ಗಿತು, ಮರುವರ್ಷ ಅಂತರ್ಯುದ್ಧ. ೧೯೭೯ರಲ್ಲಿ ಮರಳಿದ ಪ್ರಜಾಪ್ರಭುತ್ವ ೧೯೮೩ರ ಡಿಸೆಂಬರ್ ೩೧ರಂದು ಮತ್ತೆ ಸೈನಿಕರ ಕೈಗೆ ಸಿಕ್ಕಿತು. ೧೯೯೩ರ ಜೂನ್ ೧೨ರಂದು ಜನರು ಚುನಾವಣೆಯಲ್ಲಿ ಮತ ನೀಡಿದರು. ನೈರುತ್ಯದ ಯೊರುಬಾ ಜನಾಂಗದ ಎಂ. ಕೆ. ಓ. ಅಬಿಯೊಲಾ ಅವರು ಎದುರಾಳಿಯ ಸ್ವಂತ ನೆಲವಾದ ಕಾನೋದಲ್ಲಿಯೂ ಮುಂದಾದರು. ಜನಾಂಗದ ಗೋಡೆಗಳನ್ನು ದಾಟಿ ಜನ ಮತ ನೀಡಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಸೇನಾಡಳಿತಗಾರ ಬಾಬಂಗಿಡ ಆ ಚುನಾವಣೆಯನ್ನೇ ರದ್ದುಮಾಡಿದರು. ತನ್ನ ಗೆಲುವನ್ನು ಕೇಳಿದ ಅಬಿಯೊಲಾ ಬಂಧನಕ್ಕೊಳಗಾಗಿ, ೧೯೯೮ರಲ್ಲಿ ಬಂಧನದಲ್ಲಿಯೇ ತೀರಿಕೊಂಡರು. ೨೦೦೭ರ ಚುನಾವಣೆಯಂತೂ ಎಷ್ಟು ಕೆಟ್ಟುಹೋಗಿತ್ತೆಂದರೆ, ಅದರಲ್ಲಿ ಗೆದ್ದ ಅಧ್ಯಕ್ಷ ಯಾರಾಡುವಾ ಅವರೇ ತಮ್ಮ ಮೊದಲ ಭಾಷಣದಲ್ಲಿ ಅದರ ದೋಷಗಳನ್ನು ಒಪ್ಪಿಕೊಂಡರು. ಬೇಲಿಯೇ ಎದ್ದು ಹೊಲವನ್ನು ಮೇದುದನ್ನು ಇಷ್ಟು ಸಲ ಕಂಡ ಜನ ಬೇಸತ್ತರೆ ಅದು ಸಹಜವೇ.

ಆದರೂ ಈ ಇತಿಹಾಸದಿಂದಲೇ ಇನ್ನೊಂದು ಪಾಠವೂ ಹೊರಡುತ್ತದೆ. ಚುನಾವಣೆ ಕೆಟ್ಟಾಗಲೆಲ್ಲ ಜನರಿಗೆ ದೊರೆತುದು ಆಳುವವರಿಲ್ಲದ ಸ್ವಾತಂತ್ರ್ಯವಲ್ಲ, ಬಂದೂಕಿನ ಆಳ್ವಿಕೆ. ೧೯೬೬ರಿಂದ ೧೯೯೯ರವರೆಗಿನ ಮೂವತ್ತಮೂರು ವರ್ಷಗಳಲ್ಲಿ ಸುಮಾರು ಇಪ್ಪತ್ತೊಂಬತ್ತು ವರ್ಷ ಸೈನಿಕರು ಆಳಿದರು. ಆ ಕಾಲದಲ್ಲಿ ಸಂತೆಯ ಹೆಂಗಸಿನ ಅಭಿಪ್ರಾಯವನ್ನು ಕೇಳುವ ದಿನವೆಂಬುದೇ ಇರಲಿಲ್ಲ. ಮತ ಹಾಕದಿದ್ದರೆ ಯಾರೂ ಆಳುವುದಿಲ್ಲವೆಂಬುದು ಭ್ರಮೆ. ಮತ ಹಾಕದವನನ್ನು ಇತರರು ಆರಿಸಿದವನು ಆಳುತ್ತಾನೆ. ಆರಿಸುವವರೇ ಇಲ್ಲದಿದ್ದರೆ ಆಯುಧವುಳ್ಳವನು ಆಳುತ್ತಾನೆ.

ನೈಜೀರಿಯಾದಲ್ಲಿ ಮತಕ್ಕೆ ಇರುವ ಮಹತ್ತ್ವಕ್ಕೆ ಇನ್ನೊಂದು ವಿಶೇಷ ಕಾರಣವುಂಟು. ೧೯೫೬ರಲ್ಲಿ ನೈಜರ್ ನದಿಯ ಮುಖಜಭೂಮಿಯ ಓಲೊಯಿಬಿರಿ ಎಂಬಲ್ಲಿ ಕಲ್ಲೆಣ್ಣೆ ದೊರೆಯಿತು. ೧೯೭೦ರ ದಶಕದಿಂದ ಬಹುಕಾಲ ಸರ್ಕಾರದ ಆದಾಯದ ದೊಡ್ಡ ಪಾಲು ಆ ಎಣ್ಣೆಯಿಂದಲೇ ಬಂದಿತು. ಕೇಂದ್ರಕ್ಕೂ ರಾಜ್ಯಗಳಿಗೂ ಸ್ಥಳೀಯ ಆಡಳಿತಗಳಿಗೂ ಸಾಮಾನ್ಯ ಬೊಕ್ಕಸದಿಂದ ತಿಂಗಳು ತಿಂಗಳೂ ಹಣ ಹಂಚಿಕೆಯಾಗುತ್ತದೆ. ಇದರ ಪರಿಣಾಮವನ್ನು ಗಮನಿಸಬೇಕು. ರೈತನ ಕಂದಾಯದಿಂದ ಬದುಕುವ ಸರ್ಕಾರ ರೈತನ ಮುನಿಸಿಗೆ ಅಂಜುತ್ತದೆ; ಅಬೆಯೊಕುಟದ ಹೆಂಗಸರು ಅರಸನನ್ನು ಅಲುಗಾಡಿಸಿದುದು ತೆರಿಗೆ ತಮ್ಮ ಕೈಯಿಂದ ಹೋಗಬೇಕಾಗಿದ್ದುದರಿಂದ. ಆದರೆ ನೆಲದಡಿಯ ಎಣ್ಣೆಯಿಂದ ಬದುಕುವ ಸರ್ಕಾರಕ್ಕೆ ಪ್ರಜೆಯ ಹಂಗು ಕಡಿಮೆ. ಬೊಕ್ಕಸಕ್ಕಾಗಿ ಅದು ಪ್ರಜೆಯ ಬಾಗಿಲಿಗೆ ಬರಬೇಕಾಗಿಲ್ಲ. ನಾಲ್ಕು ವರ್ಷಗಳಿಗೊಮ್ಮೆ, ಒಂದು ದಿನ, ಒಂದೇ ಕಾರಣಕ್ಕೆ ಬರಬೇಕಾಗುತ್ತದೆ: ಅದು ಮತ. ಸಾಮಾನ್ಯನ ಕೈಯಲ್ಲಿ ಉಳಿದಿರುವ ಆ ಒಂದು ಹಗ್ಗವನ್ನೂ ಅವನೇ ಬಿಟ್ಟುಕೊಟ್ಟರೆ, ಆಳುವವನಿಗೆ ಅವನೊಡನೆ ಯಾವ ಸಂಬಂಧವೂ ಉಳಿಯದು.

ಇನ್ನು "ಕೋಟಿಗಟ್ಟಲೆ ಮತಗಳ ನಡುವೆ ನನ್ನದೊಂದು ಯಾವ ಲೆಕ್ಕ?" ಎಂಬ ಪ್ರಶ್ನೆ. ಲೆಕ್ಕವನ್ನೇ ಮಾಡಿ ನೋಡಬಹುದು. ೨೦೨೩ರಲ್ಲಿ ಆ ದೇಶದಲ್ಲಿದ್ದ ಮತಗಟ್ಟೆಗಳು ೧,೭೬,೦೦೦ಕ್ಕೂ ಹೆಚ್ಚು. ಮತಗಟ್ಟೆಯೊಂದಕ್ಕೆ ಸರಾಸರಿ ಸುಮಾರು ೫೩೦ ಮಂದಿ ನೋಂದಾಯಿತ ಮತದಾರರು. ಅಧ್ಯಕ್ಷರನ್ನು ಆ ಪದವಿಯಲ್ಲಿ ಕೂರಿಸಿದ ಮತಗಳನ್ನು ಮತಗಟ್ಟೆಗಳಿಗೆ ಹಂಚಿದರೆ ಒಂದೊಂದಕ್ಕೆ ಐವತ್ತರಷ್ಟು ಬೀಳುತ್ತದೆ. ಎರಡನೆಯವರಾದ ಅತಿಕು ಅಬೂಬಕರ್ ಅವರಿಗೆ ಬಂದುದು ೬೯,೮೪,೫೨೦ ಮತ. ಇಬ್ಬರ ನಡುವಣ ಅಂತರವನ್ನು ಹಂಚಿದರೆ ಮತಗಟ್ಟೆಯೊಂದಕ್ಕೆ ಹತ್ತು ಮತ. ಹತ್ತು ಮಂದಿಯೆಂದರೆ ಎರಡು ಮನೆಗಳ ಜನ. ೫೩೦ ಮಂದಿಯಲ್ಲಿ ಸುಮಾರು ೩೯೦ ಮಂದಿ ಬಾರದಿದ್ದ ಕಡೆಯಲ್ಲಿ ಇಡೀ ದೇಶದ ಭವಿಷ್ಯ ಆ ಹತ್ತು ಮಂದಿಯ ಮೇಲೆ ನಿಂತಿತ್ತು. ಹನಿಗೂಡಿದರೆ ಹಳ್ಳವೆಂಬ ಮಾತಿಗೆ ಇದು ಅಂಕಿಗಳ ವ್ಯಾಖ್ಯಾನ.

ಸರಾಸರಿಯ ಮಾತು ಸಾಲದೆಂಬವರಿಗೆ ನಡೆದ ಸಂಗತಿಗಳೇ ಇವೆ. ೨೦೧೮ರಲ್ಲಿ ಓಷುನ್ ರಾಜ್ಯದ ಗವರ್ನರ್ ಪದವಿಯ ಚುನಾವಣೆಯಲ್ಲಿ ಅಡೆಮೋಲ ಅಡೆಲೆಕೆ ಮೊದಲು ೩೫೩ ಮತಗಳಿಂದ ಮುಂದಿದ್ದರು. ಏಳು ಮತಗಟ್ಟೆಗಳಲ್ಲಿ ಮರುಮತದಾನವಾಗಿ, ಗಬೊಯೆಗ ಓಯೆಟೋಲ ೪೮೨ ಮತಗಳಿಂದ ಗೆದ್ದರೆಂದು ಘೋಷಣೆಯಾಯಿತು. ಎರಡೂ ಕಡೆಗೆ ಎರಡೂವರೆ ಲಕ್ಷ ದಾಟಿದ ಮತಗಳಿದ್ದ ಆ ಸ್ಪರ್ಧೆಯನ್ನು ಒಂದು ಮತಗಟ್ಟೆಯ ಪಟ್ಟಿಗಿಂತಲೂ ಕಡಿಮೆ ಮತಗಳು ನಿರ್ಣಯಿಸಿದುವು. ಸೋತವರು ಮನೆಗೆ ಹೋಗಿ ಮಲಗಲಿಲ್ಲ. ೨೦೨೨ರಲ್ಲಿ ಅದೇ ಅಡೆಲೆಕೆ ಅದೇ ಓಯೆಟೋಲರನ್ನು ಸೋಲಿಸಿದರು. ೨೦೨೩ರಲ್ಲಿ, ಟಿನುಬು ಅವರು ೧೯೯೯ರಿಂದ ೨೦೦೭ರವರೆಗೆ ಗವರ್ನರರಾಗಿದ್ದ ಲಾಗೋಸಿನಲ್ಲಿಯೇ ಪೀಟರ್ ಓಬಿ ಅವರು ಹತ್ತು ಸಾವಿರಕ್ಕಿಂತ ಕಡಿಮೆ ಅಂತರದಿಂದ ಮುಂದಾದರು. ಆ ರಾಜ್ಯದ ಎಪ್ಪತ್ತು ಲಕ್ಷ ಮತದಾರರಲ್ಲಿ ಅಂದು ಬಂದವರು ಐದರಲ್ಲೊಂದು ಪಾಲೂ ಅಲ್ಲ.

ಮತ ಹಾಕುವವರು ಕಡಿಮೆಯಾದಷ್ಟೂ ಮೋಸ ಅಗ್ಗವಾಗುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು. ಐವತ್ತು ಮತಗಳಿಂದ ಗೆಲ್ಲಬಹುದಾದ ಮತಗಟ್ಟೆಯಲ್ಲಿ ಐವತ್ತು ಮಂದಿಯನ್ನು ಕೊಂಡರೆ ಸಾಕು. ಇನ್ನೂರೈವತ್ತು ಬೇಕಾದಲ್ಲಿ ಥೈಲಿಯೂ ಐದುಪಟ್ಟು ದೊಡ್ಡದಾಗಬೇಕು. ಎಕಿಟಿ ರಾಜ್ಯದ ಜನ ಈ ವ್ಯಾಪಾರಕ್ಕೆ ಯೊರುಬಾ ಭಾಷೆಯಲ್ಲಿ "ದಿಬೊ ಕೊ ಸೆಬೆ" ಎಂದು ಹೆಸರಿಟ್ಟಿದ್ದಾರೆ. "ಮತ ಹಾಕು, ಸಾರು ಮಾಡಿಕೊ" ಎಂದು ಅದರ ಅರ್ಥ. ಹಸಿದವನನ್ನು ಗೇಲಿಮಾಡುವುದು ಸುಲಭ. ಆದರೆ ಲೆಕ್ಕ ಮಾತ್ರ ನಿಷ್ಠುರವಾದುದು. ಸಾರು ಒಂದು ಹೊತ್ತಿನದು, ಆಳ್ವಿಕೆ ನಾಲ್ಕು ವರ್ಷದ್ದು. ಹಣ ಕೊಟ್ಟು ಮತ ಕೊಂಡವನು ಬಳಿಕ ತನ್ನ ಬಂಡವಾಳವನ್ನು ಎಲ್ಲಿಂದ ತೆಗೆಯುತ್ತಾನೆ? ಆಸ್ಪತ್ರೆಯ ಔಷಧದಿಂದ, ಶಾಲೆಯ ಛಾವಣಿಯಿಂದ, ಸಂತೆಗೆ ಹೋಗುವ ರಸ್ತೆಯಿಂದ.

ತಮ್ಮ ಊರಿನಲ್ಲಿ ಗೆಲ್ಲದ ಅಭ್ಯರ್ಥಿಗೆ ಮತ ನೀಡುವುದು ವ್ಯರ್ಥವೆಂಬ ಮಾತೂ ಅಲ್ಲಿ ನಿಲ್ಲುವುದಿಲ್ಲ. ಅಧ್ಯಕ್ಷನಾಗುವವನಿಗೆ ಅತ್ಯಧಿಕ ಮತಗಳಷ್ಟೇ ಸಾಲದು. ಮೂವತ್ತಾರು ರಾಜ್ಯಗಳಲ್ಲಿ ಮೂರನೆಯ ಎರಡು ಪಾಲಿನಲ್ಲಿ, ಎಂದರೆ ಇಪ್ಪತ್ತನಾಲ್ಕರಲ್ಲಿಯಾದರೂ, ಕಾಲುಭಾಗ ಮತಗಳು ಬಂದಿರಬೇಕೆಂದು ಸಂವಿಧಾನ ವಿಧಿಸಿದೆ. ಯಾವೊಂದು ಜನಾಂಗದ ಬಲದಿಂದಲೇ ಒಬ್ಬನು ದೇಶವನ್ನಾಳಬಾರದೆಂಬುದು ಇದರ ಉದ್ದೇಶ. ೧೯೭೯ರಲ್ಲಿ, ಆಗಿನ ಹತ್ತೊಂಬತ್ತು ರಾಜ್ಯಗಳ ಮೂರನೆಯ ಎರಡು ಪಾಲು ಹನ್ನೆರಡೋ ಹದಿಮೂರೋ ಎಂಬ ವಾದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, ಅದರ ಮೇಲೆಯೇ ಶೆಹು ಶಗಾರಿಯವರ ಅಧ್ಯಕ್ಷ ಪದವಿ ನಿಂತಿತು. ಆದುದರಿಂದ ಸೋಲುವ ಊರಿನಲ್ಲಿ ಬಿದ್ದ ಮತಕ್ಕೂ ತೂಕವುಂಟು.

ಕದ್ದ ಮತ ಮರಳಿ ದೊರೆತ ಉದಾಹರಣೆಗಳೂ ಇಲ್ಲದಿಲ್ಲ. ೨೦೦೩ರ ಅನಾಂಬ್ರ ರಾಜ್ಯದ ಚುನಾವಣೆಯಲ್ಲಿ ಗೆದ್ದವರು ಪೀಟರ್ ಓಬಿಯೇ ಎಂದು ೨೦೦೬ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ೨೦೦೭ರ ಚುನಾವಣೆಯಲ್ಲಿ ಸೋತರೆಂದು ಘೋಷಿತರಾಗಿದ್ದವರೇ ಎಡೊ, ಒಂಡೊ, ಎಕಿಟಿ, ಓಷುನ್ ರಾಜ್ಯಗಳಲ್ಲಿ ೨೦೦೮ರಿಂದ ೨೦೧೦ರೊಳಗೆ ನ್ಯಾಯಾಲಯದ ತೀರ್ಪಿನಿಂದ ಗವರ್ನರರಾದರು. ತಡವಾದ ನ್ಯಾಯ ಅರ್ಧ ನ್ಯಾಯವೇ ಸರಿ. ಆದರೆ ಹಾಕಿದ ಮತಕ್ಕಾಗಿ ನ್ಯಾಯಾಲಯದಲ್ಲಿ ಹೋರಾಡಬಹುದು. ಹಾಕದ ಮತವನ್ನು ಯಾವ ನ್ಯಾಯಾಧೀಶನೂ ತಂದುಕೊಡಲಾರ. ೨೦೧೫ರಲ್ಲಿಯಂತೂ ಅಧಿಕಾರದಲ್ಲಿದ್ದ ಅಧ್ಯಕ್ಷ ಜೊನಾಥನ್ ಅವರು ೧,೨೮,೫೩,೧೬೨ ಮತ ಪಡೆದು, ೧,೫೪,೨೪,೯೨೧ ಮತ ಪಡೆದ ಬುಹಾರಿಯವರಿಗೆ ಸೋತರು. ಪೂರ್ಣ ಫಲಿತಾಂಶ ಘೋಷಣೆಯಾಗುವ ಮೊದಲೇ ದೂರವಾಣಿಯಲ್ಲಿ ಅವರನ್ನು ಅಭಿನಂದಿಸಿದರು. ಆಳುತ್ತಿರುವ ಅಧ್ಯಕ್ಷನೊಬ್ಬ ಮತಪೆಟ್ಟಿಗೆಯಿಂದ ಇಳಿದುದು ಆ ದೇಶದಲ್ಲಿ ಅದೇ ಮೊದಲು. ೧೯೬೬ರಲ್ಲಿಯೂ ೧೯೮೩ರಲ್ಲಿಯೂ ಬಂದೂಕು ಮಾಡಿದ ಕೆಲಸವನ್ನು ಈ ಸಲ ಜನರ ಹೆಬ್ಬೆಟ್ಟಿನ ಶಾಯಿ ಮಾಡಿತು.

ಮತ ನೀಡಿದರೆ ಕರ್ತವ್ಯ ಮುಗಿಯಿತೆಂದು ಇದರ ಅರ್ಥವಲ್ಲ. ಅಲ್ಲಿಯ ಕಾನೂನಿನಂತೆ, ಮತದಾನ ಮುಗಿದೊಡನೆ ಆಯಾ ಮತಗಟ್ಟೆಯಲ್ಲಿಯೇ ಎಲ್ಲರೆದುರು ಮತಗಳನ್ನೆಣಿಸಿ ಫಲಿತಾಂಶವನ್ನು ಸಾರಬೇಕು. ಬೆರಳಚ್ಚನ್ನೂ ಮುಖವನ್ನೂ ಗುರುತಿಸುವ ಯಂತ್ರಗಳು ೨೦೨೩ರಲ್ಲಿ ದೇಶದಾದ್ಯಂತ ಬಂದುವು. ಆದರೆ ಮತಗಟ್ಟೆಗಳ ಅಧ್ಯಕ್ಷ ಚುನಾವಣೆಯ ಫಲಿತಾಂಶಪತ್ರಗಳು ಆಯೋಗ ಮಾತುಕೊಟ್ಟಂತೆ ಕೂಡಲೇ ಅಂತರ್ಜಾಲದಲ್ಲಿ ಪ್ರಕಟವಾಗದೆ, ಜನರ ನಂಬಿಕೆಗೆ ಮತ್ತೊಂದು ಪೆಟ್ಟು ಬಿದ್ದಿತು. ಯಂತ್ರ ಸಹಾಯಕ ಮಾತ್ರ. ಎಣಿಕೆ ಮುಗಿಯುವವರೆಗೆ ನಿಂತು ಅಂಕಿಯನ್ನು ಬರೆದುಕೊಳ್ಳುವ ನೆರೆಹೊರೆಯವರೇ ಅದಕ್ಕೆ ನಿಜವಾದ ಕಾವಲು.

ಅಧ್ಯಕ್ಷನ ಚುನಾವಣೆಗೆ ಮಾತ್ರ ಗಮನ ಕೊಡುವುದೂ ತಪ್ಪು. ಸಂತೆ, ಬಸ್ಸು ನಿಲ್ದಾಣ, ಕಸಾಯಿಖಾನೆ, ಜನನಮರಣಗಳ ನೋಂದಣಿ ಇವೆಲ್ಲ ೭೭೪ ಸ್ಥಳೀಯ ಆಡಳಿತಗಳಿಗೆ ಸೇರಿದುವು. ಪ್ರಾಥಮಿಕ ಶಿಕ್ಷಣದಲ್ಲಿಯೂ ಆರೋಗ್ಯದಲ್ಲಿಯೂ ಅವಕ್ಕೆ ಪಾಲುಂಟು. ಬಹುಕಾಲ ಅನೇಕ ಗವರ್ನರರು ಇಲ್ಲಿ ಚುನಾವಣೆಯನ್ನೇ ನಡೆಸದೆ ತಮ್ಮವರನ್ನು ನೇಮಿಸುತ್ತಿದ್ದರು. ೨೦೨೪ರ ಜುಲೈ ೧೧ರಂದು ಸರ್ವೋಚ್ಚ ನ್ಯಾಯಾಲಯ, ಸ್ಥಳೀಯ ಆಡಳಿತಗಳ ಹಣವನ್ನು ರಾಜ್ಯಗಳು ಹಿಡಿದಿಟ್ಟುಕೊಳ್ಳುವುದು ಸಂವಿಧಾನಕ್ಕೆ ವಿರುದ್ಧವೆಂದೂ ಚುನಾಯಿತವಲ್ಲದ ಮಂಡಲಿಗೆ ಆ ಹಣ ಸಲ್ಲದೆಂದೂ ತೀರ್ಪುಕೊಟ್ಟಿತು. ಬಾಗಿಲಿನೆದುರಿನ ಚರಂಡಿಯ ಚುನಾವಣೆ ಇದು. ಇಲ್ಲಿ ಕೆಲವೇ ಮತಗಳೂ ಬಹಳ ಮಾಡಬಲ್ಲುವು.

೨೦೨೩ರ ಪಟ್ಟಿಯಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಹದಿನೆಂಟರಿಂದ ಮೂವತ್ತನಾಲ್ಕರೊಳಗಿನ ತರುಣರು. ಸೈನ್ಯದ ಆಳ್ವಿಕೆಯನ್ನು ಅವರಲ್ಲಿ ಹೆಚ್ಚಿನವರು ಹಿರಿಯರ ಬಾಯಿಂದ ಮಾತ್ರ ಕೇಳಿದ್ದಾರೆ. ೧೯೨೯ರಲ್ಲಿ ಗುಂಡಿಗೆ ಎದೆಯೊಡ್ಡಿದ ಹೆಂಗಸರಿಗೆ ತಮ್ಮ ಮಾತನ್ನು ಸರ್ಕಾರಕ್ಕೆ ಮುಟ್ಟಿಸಲು ಬೇರೆ ದಾರಿ ಇರಲಿಲ್ಲ. ಅವರ ಮೊಮ್ಮಕ್ಕಳಿಗೆ ದಾರಿಯುಂಟು. ಅದು ಕಲ್ಲುಮುಳ್ಳಿನ ದಾರಿ. ಎಷ್ಟೋ ಸಲ ಅದಕ್ಕೆ ಬೇಲಿ ಹಾಕಿದವರಿದ್ದಾರೆ. ಆದರೆ ನಡೆಯುವವರಿಲ್ಲದ ದಾರಿಯಲ್ಲಿ ಹುಲ್ಲು ಬೆಳೆಯುತ್ತದೆ. ಕೆಲವು ವರ್ಷ ಕಳೆದರೆ, ಇಲ್ಲೊಂದು ದಾರಿಯಿತ್ತೆಂಬುದೇ ಮರೆತುಹೋಗುತ್ತದೆ.