ದಪ್ಪ ಗೋಡೆಯ ಮನೆಯಲ್ಲಿ ವೈಫೈ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಭಾಗದ ಹಳೆಯ ಮನೆಗಳಲ್ಲಿ, ಪಡಸಾಲೆಯಲ್ಲಿ ಚೆನ್ನಾಗಿ ನಡೆಯುವ ಲ್ಯಾಪ್‌ಟಾಪಿನ ವೈಫೈ ಸಂಪರ್ಕವು ಒಳಕೋಣೆಗೆ ಹೋದೊಡನೆ ತಡವರಿಸಿದರೆ, ಅದಕ್ಕೆ ಅನೇಕ ಸಲ ನಡುವೆ ನಿಂತಿರುವ ಗೋಡೆಯೇ ಕಾರಣವಾಗಿರುತ್ತದೆ. ಮಲಪ್ರಭೆಯ ಬಯಲಿನ ಬಿಸಿಲಿಗೆ ಒಳಗೆ ತಂಪಿರಲೆಂದು ಕಲ್ಲು ಮಣ್ಣುಗಳಿಂದ ಎರಡಡಿಗೂ ಮಿಕ್ಕಿದ ದಪ್ಪಕ್ಕೆ ಕಟ್ಟಿದ ಗೋಡೆಯು ತಾಪವನ್ನು ತಡೆಯುವುದರ ಜೊತೆಗೆ ರೇಡಿಯೋ ತರಂಗವನ್ನೂ ಕುಗ್ಗಿಸುತ್ತದೆ. ಆದುದರಿಂದ ಹೊಸ ಯಂತ್ರ ಕೊಳ್ಳುವ ಮೊದಲು ತರಂಗವು ಮನೆಯೊಳಗೆ ಹೇಗೆ ಸಾಗುತ್ತದೆಂದು ತಿಳಿದು, ಸಂಪರ್ಕವು ಯಾವ ಹಂತದಲ್ಲಿ ಕಡಿಯುತ್ತಿದೆ ಎಂಬುದನ್ನು ಕ್ರಮವಾಗಿ ಹುಡುಕುವುದು ಅಗತ್ಯ.

ಬೀದಿಯಿಂದ ಫೈಬರಿನ, ಅಂದರೆ ಬೆಳಕನ್ನು ಸಾಗಿಸುವ ಗಾಜಿನ ಎಳೆಯ, ಮೂಲಕ ಬರುವ ಮಾಹಿತಿಯನ್ನು ರೇಡಿಯೋ ತರಂಗವಾಗಿ ಮನೆಯಲ್ಲಿ ಹರಡುವ ಪೆಟ್ಟಿಗೆಗೆ ರೂಟರ್ ಎನ್ನುತ್ತಾರೆ. ಅದು ಮುಖ್ಯವಾಗಿ ಎರಡು ಬ್ಯಾಂಡುಗಳಲ್ಲಿ, ಎಂದರೆ ಆವರ್ತನಗಳ ಎರಡು ಪಟ್ಟಿಗಳಲ್ಲಿ, ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನ ತರಂಗವು ಸೆಕೆಂಡಿಗೆ 240 ಕೋಟಿ ಸಲ ಕಂಪಿಸುತ್ತದೆ ಮತ್ತು ಅದರ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್ ತರಂಗದ ಉದ್ದ ಸುಮಾರು 6 ಸೆಂಟಿಮೀಟರ್. ಮೊದಲನೆಯದು ನಿಧಾನವಾದರೂ ಗೋಡೆಯನ್ನು ಹೆಚ್ಚು ಸುಲಭವಾಗಿ ದಾಟುತ್ತದೆ, ಎರಡನೆಯದು ವೇಗವಾದರೂ ಗೋಡೆಗಳಲ್ಲಿ ಬೇಗ ಸೊರಗುತ್ತದೆ. ಭಾರತ ಸರ್ಕಾರವು 2005ರಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡನ್ನು ಪರವಾನಗಿಯಿಂದ ಮುಕ್ತಗೊಳಿಸಿ, 2018ರಲ್ಲಿ 5 ಗಿಗಾಹರ್ಟ್ಸ್ ಬ್ಯಾಂಡಿನ ಮುಕ್ತ ಬಳಕೆಯನ್ನು ವಿಸ್ತರಿಸಿದ್ದರಿಂದ, ಇಂದು ಯಾವ ಮನೆಯವರೂ ಯಾರ ಅಪ್ಪಣೆಯೂ ಇಲ್ಲದೆ ರೂಟರನ್ನು ಇಟ್ಟುಕೊಳ್ಳಬಹುದಾಗಿದೆ.

ತರಂಗದ ಬಲವನ್ನು ಡೆಸಿಬೆಲ್‌ಗಳಲ್ಲಿ ಅಳೆಯುತ್ತಾರೆ. ಈ ಮಾನದಲ್ಲಿ 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಗುತ್ತದೆ, 10 ಇಳಿದರೆ ಹತ್ತರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ; ಹೀಗಾಗಿ ಒಂದು ಗೋಡೆ 10 ಡೆಸಿಬೆಲ್ ನುಂಗಿದರೆ ಅಂಥದೇ ಎರಡನೆಯ ಗೋಡೆಯ ಆಚೆ ಮೂಲ ಶಕ್ತಿಯ ನೂರರಲ್ಲೊಂದು ಪಾಲಷ್ಟೇ ತಲುಪುತ್ತದೆ. ನೀರಿನ ಅಣುಗಳು ಇಂಥ ತರಂಗಗಳ ಶಕ್ತಿಯನ್ನು ಹೀರಿಕೊಳ್ಳುವುದರಿಂದ, ಬೇಸಿಗೆಯಲ್ಲಿ ಒಣಗಿರುವ ಮಣ್ಣಿನ ಗೋಡೆಗಿಂತ ಮಳೆಗಾಲದಲ್ಲಿ ತೇವ ಹಿಡಿದ ಅದೇ ಗೋಡೆಯು ಹೆಚ್ಚು ತಡೆಯೊಡ್ಡುತ್ತದೆ. ಮಣ್ಣಿನ ಮಾಳಿಗೆಗೂ ಈ ಮಾತು ಅನ್ವಯಿಸುತ್ತದೆ. ಲೋಹವು ತರಂಗವನ್ನು ಹೀರುವ ಬದಲು ಹಿಂದಕ್ಕೆ ತಿರುಗಿಸುತ್ತದೆಯಾದ್ದರಿಂದ ಕಬ್ಬಿಣದ ತಿಜೋರಿಯ ಹಿಂಬದಿಯಲ್ಲಿ ಸಂಪರ್ಕ ಸೊರಗುತ್ತದೆ, ಮತ್ತು ಪತ್ರಾಸಿನ ಛಾವಣಿಯ ಕೆಳಗೆ ತರಂಗಗಳು ಮರಳಿ ಮರಳಿ ಪ್ರತಿಫಲಿಸುತ್ತವೆ.

ಈ ಪ್ರತಿಫಲನವೂ ಒಂದು ತೊಡಕೇ. ನೇರವಾಗಿ ಬಂದ ತರಂಗ ಮತ್ತು ಗೋಡೆಗೆ ತಾಗಿ ತಡವಾಗಿ ಬಂದ ತರಂಗ ಒಂದೆಡೆ ಕೂಡಿದಾಗ, ಎರಡರ ಏರಿಳಿತಗಳು ಹೊಂದಿದರೆ ಬಲ ಹೆಚ್ಚುತ್ತದೆ, ಒಂದರ ಏರಿಗೆ ಇನ್ನೊಂದರ ಇಳಿತ ಎದುರಾದರೆ ಬಲ ಕುಸಿಯುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಇಂಥ ಪ್ರಬಲ ಮತ್ತು ದುರ್ಬಲ ಬಿಂದುಗಳು ಕೆಲವೇ ಸೆಂಟಿಮೀಟರುಗಳ ಅಂತರದಲ್ಲಿ ಇರಬಲ್ಲವಾದ್ದರಿಂದ, ಲ್ಯಾಪ್‌ಟಾಪನ್ನು ನಾಲ್ಕು ಬೆರಳು ಸರಿಸಿದ ಮಾತ್ರಕ್ಕೆ ಸಂಪರ್ಕ ಸುಧಾರಿಸುವುದುಂಟು. ಪ್ರತಿಧ್ವನಿಯಂತಹ ಈ ಗೊಂದಲವನ್ನು ನಿಭಾಯಿಸಲು ಆಸ್ಟ್ರೇಲಿಯದ ಜಾನ್ ಓ'ಸಲ್ಲಿವನ್ ಮತ್ತು ಅವರ ಸಹೋದ್ಯೋಗಿಗಳು 1990ರ ದಶಕದಲ್ಲಿ, ವೇಗದ ಒಂದೇ ಪ್ರವಾಹದ ಬದಲು ಮಾಹಿತಿಯನ್ನು ಅನೇಕ ನಿಧಾನ ಪ್ರವಾಹಗಳಾಗಿ ಹಂಚಿ ಕಳಿಸುವ ವಿಧಾನವನ್ನು ರೂಪಿಸಿದರು. ಇಂದಿನ ವೈಫೈ ಇಂಥ ಹಂಚಿಕೆಯನ್ನೇ ಆಧರಿಸಿದೆ.

ಊರ ಚಾವಡಿಯ ಸಭೆಯಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು ಮಾತಾಡುವಂತೆ, ಒಂದೇ ಚಾನೆಲ್ಲಿನಲ್ಲಿ, ಅಂದರೆ ಬ್ಯಾಂಡಿನ ಒಂದೇ ಉಪವಿಭಾಗದಲ್ಲಿ, ಇರುವ ಸಾಧನಗಳು ಗಾಳಿ ಮೌನವಾಗಿದೆಯೇ ಎಂದು ಆಲಿಸಿ ಸರದಿಯಂತೆ ಮಾಹಿತಿ ಕಳಿಸುತ್ತವೆ. ನೆರೆಮನೆಗಳ ರೂಟರುಗಳು ಹೆಚ್ಚಿದಷ್ಟೂ ಈ ಕಾಯುವಿಕೆ ಬೆಳೆಯುತ್ತದೆ. 2.4 ಗಿಗಾಹರ್ಟ್ಸ್‌ನ ಚಾನೆಲ್ಲುಗಳು ಒಂದರ ಮೇಲೊಂದು ಹಾಯುವುದರಿಂದ ಪರಸ್ಪರ ತಾಗದಂಥವು 1, 6 ಮತ್ತು 11 ಎಂಬ ಮೂರು ಮಾತ್ರ. ಬ್ಲೂಟೂತ್ ಸಾಧನಗಳೂ ಮೈಕ್ರೋವೇವ್ ಒಲೆಯೂ ಇದೇ ಬ್ಯಾಂಡಿನಲ್ಲಿ ಗದ್ದಲ ಸೇರಿಸುತ್ತವೆ. ಪೇಟೆಯ ಒತ್ತೊತ್ತಾದ ಓಣಿಗಳಲ್ಲಿ ಈ ಕಾರಣವನ್ನೂ, ಹೊಲದ ಮನೆಗಳಲ್ಲಿ ಗೋಡೆ ಮತ್ತು ದೂರವನ್ನೂ ಮೊದಲು ಶಂಕಿಸುವುದು ಯುಕ್ತ.

ದೋಷ ಹುಡುಕುವಾಗ ಮಾಹಿತಿಯ ದಾರಿಯನ್ನು ಮೂರು ತುಂಡಾಗಿ ಕಾಣಬೇಕು: ಲ್ಯಾಪ್‌ಟಾಪ್, ಅದರಿಂದ ರೂಟರಿನವರೆಗಿನ ಗಾಳಿ, ರೂಟರಿನಿಂದ ಹೊರಗಿನ ತಂತಿ. ಅದೇ ಜಾಗದಲ್ಲಿ ಮೊಬೈಲು ಅದೇ ವೈಫೈಯನ್ನು ಸರಾಗವಾಗಿ ಬಳಸುತ್ತಿದ್ದರೆ ಶಂಕೆ ಲ್ಯಾಪ್‌ಟಾಪಿನ ಮೇಲೆ ಬೀಳುತ್ತದೆ. ಆಗ ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರನ್ನು ನವೀಕರಿಸಬೇಕು, ಮತ್ತು ಬ್ಯಾಟರಿ ಉಳಿಸಲು ಆ ಕಾರ್ಡನ್ನು ಆಗಾಗ ಮಲಗಿಸುವ ವಿದ್ಯುತ್ ಉಳಿತಾಯದ ಏರ್ಪಾಡನ್ನು ತೆಗೆದು ನೋಡಬೇಕು. ಎರಡೂ ಸಾಧನಗಳು ತಡವರಿಸಿದರೆ ಲ್ಯಾಪ್‌ಟಾಪನ್ನು ರೂಟರಿನ ಬಳಿಗೆ ಒಯ್ಯಬೇಕು. ಅಲ್ಲಿ ಸಂಪರ್ಕ ನೆಟ್ಟಗಾದರೆ ದೋಷ ಗೋಡೆ ಅಥವಾ ದೂರದ್ದು. ಅಲ್ಲಿಯೂ ಕಡಿದರೆ ನೆಟ್‌ವರ್ಕ್ ಕೇಬಲ್ಲಿನಿಂದ ಲ್ಯಾಪ್‌ಟಾಪನ್ನು ರೂಟರಿಗೆ ಜೋಡಿಸಬೇಕು. ಆಗ ಸರಿಹೋದರೆ ದೋಷ ರೂಟರಿನ ರೇಡಿಯೋದಲ್ಲಿ ಅಥವಾ ಚಾನೆಲ್ಲಿನ ಗದ್ದಲದಲ್ಲಿ ಇದೆ, ಸರಿಹೋಗದಿದ್ದರೆ ರೂಟರಿನಲ್ಲಿ ಅಥವಾ ಹೊರಗಿನ ತಂತಿಯಲ್ಲಿ ಇದೆ. ಪಿಂಗ್ ಎಂಬ ಆದೇಶವು ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ ಉತ್ತರ ಬರುವ ಹೊತ್ತನ್ನು ಅಳೆಯುತ್ತದೆ. ಅನೇಕ ರೂಟರುಗಳ ವಿಳಾಸವಾದ 192.168.1.1ಕ್ಕೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಉತ್ತರ ಬಂದು ಹೊರಗಿನ ವಿಳಾಸಕ್ಕೆ ಬಾರದಿದ್ದರೆ ಮನೆಯೊಳಗಿನ ವೈಫೈ ನಿರ್ದೋಷಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಮಾತ್ರ ಯಾವುದರಿಂದ ಗುಣ ಕಂಡಿತೆಂದು ತಿಳಿಯುತ್ತದೆ.

ಲ್ಯಾಪ್‌ಟಾಪಿನ ಪರದೆಯಲ್ಲಿ ವೈಫೈ ಬಲ ತೋರಿಸುವ ಗೀಟುಗಳನ್ನೂ ಪೂರ್ಣವಾಗಿ ನಂಬಲಾಗದು, ಏಕೆಂದರೆ ಅವು ರೂಟರಿನ ದನಿ ಲ್ಯಾಪ್‌ಟಾಪಿಗೆ ಎಷ್ಟು ಕೇಳುತ್ತಿದೆ ಎಂಬುದನ್ನು ತೋರಿಸುತ್ತವೆಯೇ ಹೊರತು ಲ್ಯಾಪ್‌ಟಾಪಿನ ಕ್ಷೀಣ ದನಿ ರೂಟರಿಗೆ ಕೇಳುತ್ತಿದೆಯೇ ಎಂಬುದನ್ನಲ್ಲ. ಇಂಟರ್ನೆಟ್ ಬಳಕೆಯಲ್ಲಿ ಎರಡೂ ಕಡೆಯ ಮಾತು ತಲುಪಬೇಕಾಗುತ್ತದೆ.

ಗೋಡೆಯೇ ಕಾರಣವೆಂದು ಖಚಿತವಾದ ಮೇಲೆ ಪರಿಹಾರವು ಮನೆಯ ರಚನೆಯಲ್ಲೇ ಸಿಗಬಹುದು. ಫೈಬರು ಬೀದಿಯ ಕಡೆಯಿಂದ ಬರುವ ಕಾರಣ ರೂಟರನ್ನು ಪಡಸಾಲೆಯ ಮೂಲೆಯಲ್ಲೋ ಗೋಡೆಯ ಮಾಡದಲ್ಲೋ ಇಡುವುದು ರೂಢಿ. ಆದರೆ ಮಾಡದೊಳಗಿನ ರೂಟರಿಗೆ ಹಲವು ಬದಿಗಳಲ್ಲಿ ಮಣ್ಣಿನ ತಡೆಯಿರುತ್ತದೆ. ಅನೇಕ ಹಳೆಯ ಮನೆಗಳಲ್ಲಿ ಹೆಬ್ಬಾಗಿಲು, ನಡುಮನೆ, ಅಡುಗೆಮನೆಗಳ ಬಾಗಿಲುಗಳು ಒಂದೇ ನೇರಕ್ಕಿದ್ದು, ಒಣಗಿದ ಕಟ್ಟಿಗೆಯ ಬಾಗಿಲು ತರಂಗಕ್ಕೆ ಅಲ್ಪ ತಡೆಯನ್ನಷ್ಟೇ ಒಡ್ಡುವುದರಿಂದ, ಆ ನೇರದಲ್ಲಿ ಆಳೆತ್ತರಕ್ಕೆ ರೂಟರನ್ನಿಟ್ಟರೆ ತರಂಗವು ಗೋಡೆಯನ್ನು ಸೀಳುವ ಬದಲು ಬಾಗಿಲಿನ ಮೂಲಕವೇ ಒಳಗೆ ಹೋಗುತ್ತದೆ. ಅದೂ ಸಾಲದಿದ್ದರೆ ಗೋಡೆಯ ಸಣ್ಣ ರಂಧ್ರದಿಂದ ಒಂದು ಕೇಬಲ್ಲನ್ನು ಎಳೆದು ಒಳಗೆ ಎರಡನೆಯ ವೈಫೈ ಪೆಟ್ಟಿಗೆಯನ್ನು ಇಡುವುದು ಅತ್ಯಂತ ಭರವಸೆಯ ದಾರಿ. ತರಂಗವನ್ನು ಹಿಡಿದು ಮತ್ತೆ ಹರಡುವ ರಿಪೀಟರನ್ನು ಸಂಪರ್ಕ ಸೊರಗಿದ ಕೋಣೆಯಲ್ಲೇ ಇಟ್ಟರೆ ಅದು ಸೊರಗಿದ ಸಂಪರ್ಕವನ್ನೇ ಹಂಚುತ್ತದೆಯಾದ್ದರಿಂದ ಅದನ್ನು ನಡುದಾರಿಯಲ್ಲಿ ಇಡಬೇಕು.

ತಿಂಗಳ ಯೋಜನೆಯಲ್ಲಿ ಹೇಳುವ ವೇಗವು ಹೊರಗಿನಿಂದ ರೂಟರಿನವರೆಗಿನ ತಂತಿಗೆ ಸಂಬಂಧಿಸಿದ್ದು. ಅಲ್ಲಿಂದ ಓದುವ ಮಕ್ಕಳ ಮೇಜಿನವರೆಗಿನ ದಾರಿ ಮನೆಯವರದೇ ಹೊಣೆ. ಹೆಚ್ಚು ಬೆಲೆಯ ಯೋಜನೆಯು ಎರಡಡಿ ದಪ್ಪದ ಗೋಡೆಯನ್ನು ತೆಳ್ಳಗೆ ಮಾಡಲಾರದು, ಆದರೆ ಸರಿಯಾದ ಜಾಗಕ್ಕೆ ಸರಿಸಿದ ರೂಟರಿನ ತರಂಗವು ಖರ್ಚಿಲ್ಲದೆಯೇ ಆ ಗೋಡೆಯನ್ನು ಬಳಸಿ ಹೋಗಬಲ್ಲದು.